ಹಿತ್ತಿಲ ಸೌದೆ ಒಲೆಯ ಸೇವೆ ಮುಂದುವರಿಸುವ ಕುರಿತು

ಯಜಮಾನರ ಕಚೇರಿ (ಜಗುಲಿ), ನಂಜನಗೂಡು
ಸಂಖ್ಯೆ: ಒಲೆ/ಬಿರುಕು/2/ಆಷಾಢ

ವಿಷಯ: ಹಳೇ ಸೌದೆ ಒಲೆಯನ್ನು ದುರಸ್ತಿ ಮಾಡುವ ಅಥವಾ ಬದಲಾಯಿಸುವ ಬಗ್ಗೆ.

ಉಲ್ಲೇಖ: 1. ಈ ಕಚೇರಿಯ ಹಿಂದಿನ ಸುತ್ತೋಲೆ (ಇದರಿಂದ ಯಾರೋ ಒಲೆ ಹೊತ್ತಿಸಿರುತ್ತಾರೆ).
2. ಧರ್ಮಪತ್ನಿ ಶ್ರೀಮತಿ ಪುಟ್ಟಲಕ್ಷ್ಮಿಯವರ ಮೌಖಿಕ ಆಕ್ಷೇಪಣೆ.

ನಿವೃತ್ತಿಯಾದರೂ ಸುತ್ತೋಲೆಯ ಚಟ ಬಿಡದ ಕೆಳಸಹಿದಾರರು ಮನೆಯ ಸಮಸ್ತರಿಗೆ ತಿಳಿಯಪಡಿಸುವುದೇನೆಂದರೆ:

1. ಸದರಿ ಒಲೆಯ ಎಡಗೋಡೆ ಬಿರುಕು ಬಿಟ್ಟಿರುವುದನ್ನು ಕುರ್ಚಿಯಿಂದ ಏಳದೆಯೇ ಸ್ಥಳ ಪರಿಶೀಲನೆ ನಡೆಸಿ ದೃಢಪಡಿಸಲಾಗಿದೆ.

2. ಕೆಳಸಹಿದಾರರು ಸ್ವಹಸ್ತದಿಂದ ಮೆತ್ತಿದ ಸಿಮೆಂಟು, ಬೆಂಕಿ ಹಚ್ಚಿದ ಕೂಡಲೇ ಸಿಡಿದು ಉಪ್ಸಾರಿನ ಪಾತ್ರೆಗೆ ಬಿದ್ದಿರುತ್ತದೆ. ಆ ಸಾರನ್ನು ಕೆಳಸಹಿದಾರರಿಗೇ ಬಡಿಸಲಾಗಿದೆ.

3. ಸದರಿ ಒಲೆ ಕೆಟ್ಟಿರುವುದರಿಂದ ಗ್ಯಾಸ್ ಒಲೆಯ ಮೇಲೆ ಮುದ್ದೆ ತೊಳಸುವಾಗ ಪಾತ್ರೆ ಜಾರಿ, ಮುದ್ದೆ ಗಂಟುಗಂಟಾಗುತ್ತಿದೆ. ಸರಿಯಾದ ಮುದ್ದೆಯಿಲ್ಲದೆ ಕೆಳಸಹಿದಾರರಿಗೆ ಮಧ್ಯಾಹ್ನ ಕಳೆಯುವುದಿಲ್ಲ. ಆದಕಾರಣ ವಿಷಯವನ್ನು ಅತಿ ಜರೂರೆಂದು ಪರಿಗಣಿಸಿ ಸಮಿತಿ ರಚಿಸಲಾಗಿದ್ದು, ಅಧ್ಯಕ್ಷರೂ ಏಕೈಕ ಸದಸ್ಯರೂ ಆದ ಕೆಳಸಹಿದಾರರು ಊಟದ ನಂತರ ನಿದ್ದೆ ಹೋಗಿದ್ದರಿಂದ ಸಭೆಯನ್ನು ಮುಂದೂಡಲಾಗಿದೆ.

4. ಬದಲಾವಣೆಗೆ ಮಾನದಂಡಗಳು: (ಅ) ವಯಸ್ಸಾಗಿರಬೇಕು, (ಆ) ಕಾವಿಗಿಂತ ಹೊಗೆ ಹೆಚ್ಚಿರಬೇಕು, (ಇ) ಬೆಳಿಗ್ಗೆ ಯಾರಾದರೂ ಊದದ ಹೊರತು ಹೊತ್ತಿಕೊಳ್ಳಬಾರದು, (ಈ) ಹಾಕಿದ್ದನ್ನೆಲ್ಲ ತಿಂದು ಕೂತಲ್ಲೇ ಕೂತಿರಬೇಕು. ಒಲೆಯು ನಾಲ್ಕರಲ್ಲೂ ಉತ್ತೀರ್ಣವಾದ್ದರಿಂದ ಬದಲಾವಣೆಗೆ ಆದೇಶಿಸಲಾಗಿತ್ತು.

5. ಉಲ್ಲೇಖ (2)ರ ಆಕ್ಷೇಪಣೆಯನ್ನು ಯಥಾವತ್ತು ದಾಖಲಿಸಲಾಗಿದೆ: "ಈ ನಾಕೂ ನಿಮ್ಗೂ ಒಪ್ತವಲ್ರೀ. ಎಲ್ಡನ್ನೂ ಒಂದೇ ಗಾಡೀಲಿ ಸಾಗಾಕ್ಬುಡ್ಲಾ? ಒಲೆಯಾದ್ರೂ ಮುದ್ದೆ ಬೇಯಿಸ್ತದೆ."

6. ಪುನರ್ ಪರಿಶೀಲಿಸಲಾಗಿ, ಆಕ್ಷೇಪಣೆ ನಾಲ್ಕೂ ಅಂಶಗಳಲ್ಲಿ ಸತ್ಯವೆಂದು ಕಂಡುಬಂದಿದೆ. ವಯಸ್ಸಿನಲ್ಲಂತೂ ಕೆಳಸಹಿದಾರರೇ ಒಲೆಗಿಂತ ಹಿರಿಯರು. ಆದ್ದರಿಂದ ಮಾನದಂಡಗಳನ್ನು ಪೂರ್ವಾನ್ವಯವಾಗಿ ಹಿಂಪಡೆಯಲಾಗಿದೆ. ಅಕ್ಕಪಕ್ಕದವರು ಕೇಳಿದಲ್ಲಿ, ಆಷಾಢದಲ್ಲಿ ಹೊಸ ಒಲೆ ಹಾಕಬಾರದೆಂಬ ಕಾರಣವನ್ನು ಮಾತ್ರ ತಿಳಿಸತಕ್ಕದ್ದು.

7. ಒಲೆ ಹಾಕುವುದರಲ್ಲಿ ಪಳಗಿದ, ಟಿ. ನರಸೀಪುರದ ಬಾಮೈದ ಚೆಲುವಯ್ಯನವರು ಬಂದು ನೋಡಿ, "ಅಳೇದಾದ್ರೂ ಬುಡ ಗಟ್ಯಾಗೇ ಅದೆ ಬಾವ, ಇನ್ನೂ ಬಾಳ್ತದೆ" ಎಂದು ವರದಿ ನೀಡಿದ್ದಾರೆ. ಇದು ಒಲೆಗೆ ಮಾತ್ರ ಸಂಬಂಧಿಸಿದ್ದೇ ಎಂದು ಸ್ಪಷ್ಟನೆ ಕೋರಲು ಕೆಳಸಹಿದಾರರಿಗೆ ಧೈರ್ಯ ಬಂದಿಲ್ಲ.

8. ದುರಸ್ತಿಗೆ ಮಂಜೂರಾತಿ ನೀಡಲಾಗಿದೆ. ಹೊಳೆಯ ಮಣ್ಣಿಗೆ ಹೊಟ್ಟು ಬೆರೆಸಿ ಕಾಲಲ್ಲಿ ತುಳಿಯುವ ಹುದ್ದೆಗೆ ಕೆಳಸಹಿದಾರರನ್ನೇ ನೇಮಿಸಲಾಗಿದ್ದು, ತಮ್ಮನ್ನು ಗಾಡಿ ಹತ್ತಿಸದೆ ಉಳಿಸಿಕೊಂಡಿದ್ದಕ್ಕೆ ಅವರು ಮನೆಯವರಿಗೆ ಮನಸಾರೆ ಋಣಿಯಾಗಿರುತ್ತಾರೆ.

ಸಹಿ/- (ಕೈ ಮಣ್ಣಾಗಿರುವುದರಿಂದ ಹೆಬ್ಬೆಟ್ಟು)
ನಂಜುಂಡಸ್ವಾಮಿ
ಯಜಮಾನರು (ದುರಸ್ತಿಯಲ್ಲಿ)

ಪ್ರತಿಗಳು:
1. ಶ್ರೀಮತಿ ಪುಟ್ಟಲಕ್ಷ್ಮಿಯವರಿಗೆ, ಅನುಮೋದನೆ ಹಾಗೂ ಮುದ್ದೆಗಾಗಿ.
2. ಶ್ರೀ ಚೆಲುವಯ್ಯನವರಿಗೆ, ಇನ್ನಷ್ಟು ಮಣ್ಣಿನೊಂದಿಗೆ ಹಾಜರಾಗಲು.
3. ಒಲೆಯ ಬೂದಿಯಲ್ಲಿ ಮಲಗುವ ಬೆಕ್ಕಿಗೆ, ತೆರವು ಆದೇಶ ರದ್ದಾದ ಮಾಹಿತಿಗಾಗಿ.
4. ಹೆಚ್ಚುವರಿ ಪ್ರತಿ, ಒಲೆ ಹೊತ್ತಿಸಲು.