ಕೈಗುಣದ ಸೀಸೆಯವರಲ್ಲಿ ನಿವೃತ್ತಿ ಕೋರಿ

ಮಾನ್ಯರೇ,

ನಮ್ಮ ಮರಗೆಲಸದ ಅಂಗಡಿಯ ಕಿಟಕಿಯಲ್ಲಿ, ಬಿಸಿಲಿಗೆ ಬೆನ್ನು ಕೊಟ್ಟು, ಗರಗಸದ ಹುಡಿಯನ್ನೇ ಶಾಲಿನಂತೆ ಹೊದ್ದು ವಿರಾಜಮಾನರಾಗಿರುವ ಗಾಯದ ಔಷಧಿಯ ಹಳೇ ಸೀಸೆಯವರ ಸನ್ನಿಧಿಗೆ, ಓದು ಅರ್ಧಕ್ಕೇ ನಿಂತರೂ ಚಿಂತೆ ಮಾತ್ರ ನಿಲ್ಲದ ಮೇಸ್ತ್ರಿಯ ತಮ್ಮನಾದ ನಾನು ಮಾಡುವ ಭಯಭಕ್ತಿಯ ನಮಸ್ಕಾರಗಳು.

ತಾವು ಕ್ಷೇಮವೆಂದು ನಂಬಿದ್ದೇನೆ, ನಾವಲ್ಲ. ಉಳಿ ಜಾರಿ ಅಣ್ಣನ ಹೆಬ್ಬೆರಳು ಕೊಯ್ದುಕೊಂಡಾಗ ತಾವು ಎಂದಿನಂತೆ ಕೃಪೆ ತೋರಿದಿರಿ, ಬೆರಳು ಬದನೆಕಾಯಿಯಾಯಿತು. ಅವನಿಗೆ ಸಕ್ಕರೆ ಕಾಯಿಲೆ ಬೇರೆ. ಬೆರಳು ಹೋದರೆ ಉಳಿ ಹಿಡಿಯುವವರು ಯಾರೆಂದು ನನಗೆ ಅನ್ನ ಸೇರಲಿಲ್ಲ. ಅವನು ಮಾತ್ರ, "ಸುಮ್ನಿರೋ, ಆ ಸೀಸೆ ಕೈಗುಣ ನಿಂಗೇನ್ ಗೊತ್ತು" ಎಂದ.

ತಮ್ಮ ದೀರ್ಘಾಯುಷ್ಯದ ಗುಟ್ಟು ಲೋಕಕ್ಕೇ ಮಾದರಿ. ತಳ ಕಂಡಾಗಲೆಲ್ಲ ಅಣ್ಣ ಹೊಸ ಸೀಸೆ ತಂದು, ಔಷಧಿಯನ್ನು ತಮ್ಮ ಹೊಟ್ಟೆಗೆ ಸುರಿದು, ಹೊಸ ಸೀಸೆಯನ್ನು ಎಸೆಯುತ್ತಾನೆ. ತಮ್ಮ ಮೈಮೇಲಿನ ತಾರೀಖು ಎಂದೋ ಅಳಿಸಿಹೋಗಿದೆ, ತಾವು ಬಾಯಿ ತೆರೆದ ದಿನವಂತೂ ದೇವರಿಗೂ ತಿಳಿಯದು. ಗಾಯ ಒರೆಸಿದ ಹತ್ತಿಯನ್ನೇ ಮತ್ತೆ ತಮ್ಮ ಬಾಯಿಗೆ ಒತ್ತಿದರೂ, ಅಂಗಡಿಯವರೆಲ್ಲರ ಎಂಜಲನ್ನು ಮುಖ ಸಿಂಡರಿಸದೆ ಸ್ವೀಕರಿಸಿದ ದೊಡ್ಡ ಮನಸ್ಸು ತಮ್ಮದು.

ಕೊನೆಗೆ ಅಣ್ಣನನ್ನೂ ತಮ್ಮನ್ನೂ ಆಸ್ಪತ್ರೆಗೆ ಹೊತ್ತೊಯ್ದೆ. ನರ್ಸಮ್ಮ ತಮ್ಮನ್ನು ಬೆಳಕಿಗೆ ಹಿಡಿದು, "ಇದೇನ್ ಔಷಧಿನಾ, ಕ್ರಿಮಿಗಳ ಹಾಸ್ಟೆಲ್ಲಾ?" ಎಂದರು. ತೆರೆದ ದಿನವನ್ನು ಸೀಸೆಯ ಮೇಲೆ ಬರೆಯಬೇಕಂತೆ, ಅದರಲ್ಲಿ ಹೇಳಿದ ಅವಧಿ ಮೀರಿದರೆ ಬಳಸಬಾರದಂತೆ, ಹಳೆಯದಕ್ಕೆ ಹೊಸದು ಬೆರೆಸಬಾರದಂತೆ, ಔಷಧಿಯನ್ನು ಹತ್ತಿಗೆ ಸುರಿಯಬೇಕಂತೆ, ಹತ್ತಿಯನ್ನು ಸೀಸೆಗೆ ಮುಟ್ಟಿಸಬಾರದಂತೆ, ಬಿಸಿಲಿಗಂತೂ ಇಡಲೇಬಾರದಂತೆ. "ಇನ್ನೂ ತಡ ಮಾಡಿದ್ರೆ ಬೆರಳೇ ಇರ್ತಿರ್ಲಿಲ್ಲ ಯಜಮಾನ್ರೇ" ಎಂದಾಗ ಅಣ್ಣ ತಮ್ಮ ಕಡೆಗೇ ನೋಡಿದ, ತಾವು ಸಾಕ್ಷಿ ಹೇಳುವಿರೆಂಬಂತೆ.

ಬೆರಳು ಉಳಿಯಿತು. ಆದ್ದರಿಂದ ಮಾನ್ಯರೇ, ತಾವು ದಯಮಾಡಿ ಅಣ್ಣನ ಕನಸಿಗೆ ಬಂದು, ತಮ್ಮ ವಯಸ್ಸನ್ನು ತಮ್ಮ ಬಾಯಿಂದಲೇ ಒಪ್ಪಿಕೊಂಡು, ಹುದ್ದೆಯನ್ನು ಬಿಟ್ಟುಕೊಡಬೇಕಾಗಿ ವಿನಂತಿ. ನನ್ನ ಮಾತನ್ನಂತೂ ಅವನು ಕೇಳುವುದಿಲ್ಲ.

ಅಣ್ಣನ ಬೆರಳುಗಳನ್ನು ದಿನವೂ ಎಣಿಸುವ,
ತಮ್ಮ ವಿಶ್ವಾಸಿ,
ಮೇಸ್ತ್ರಿಯ ತಮ್ಮ

ತಾ.ಕ.: ತಾವು ಅಣ್ಣನ ಕನಸಿಗೆ ಬರುವವರೆಗೆ ಕಾಯುವಷ್ಟು ಎದೆಗಾರಿಕೆ ನನಗಿಲ್ಲದ ಕಾರಣ ತಮ್ಮನ್ನು ಕಸದ ಡಬ್ಬಕ್ಕೆ ವರ್ಗ ಮಾಡಿದ್ದೇನೆ. ಹೊಸ ಸೀಸೆ ಬಂದಿದೆ, ತೆರೆದ ತಾರೀಖನ್ನು ಅದರ ಹೊಟ್ಟೆಯ ಮೇಲೆ ಬರೆದೂ ಆಯಿತು. ಅಣ್ಣ ಅದನ್ನು ಹಿಡಿದುಕೊಂಡು, "ಇದನ್ನ ಸುರಿಯೋಕೆ ಹಳೇದು ಎಲ್ಲೋ?" ಎಂದು ಅಂಗಡಿಯೆಲ್ಲ ಹುಡುಕುತ್ತಿದ್ದಾನೆ. ಅವನು ಡಬ್ಬದ ಹತ್ತಿರ ಬಂದಾಗ ತಾವು ದಯವಿಟ್ಟು ಕೆಮ್ಮಬಾರದು.