ಡ್ಯಾಶ್‌ಕ್ಯಾಮ್‌ಗಳ ಅತಿಸೂಕ್ಷ್ಮ ಸ್ವಭಾವವನ್ನು ಹತೋಟಿಗೆ ತರುವ ಕುರಿತು

ಸೊಲ್‌ಬಾತ್ ವಸತಿ ಸಮುಚ್ಚಯ, ವೊಂಜು
ನಿರ್ವಹಣಾ ಕಚೇರಿ

ಸಂಖ್ಯೆ: ಸೊವಸ/ವಾಹನ/ಆಘಾತ/29/ತಿದ್ದುಪಡಿ-4
ದಿನಾಂಕ: ನವೆಂಬರ್ 28

ಸುತ್ತೋಲೆ

ವಿಷಯ: ಅಡ್ಡಸಾಲಿನ ಕಾರುಗಳ ಡ್ಯಾಶ್‌ಕ್ಯಾಮ್‌ಗಳು ಗಾಳಿ ಬೀಸಿದರೂ ದೂರು ದಾಖಲಿಸುತ್ತಿರುವುದನ್ನು ಸರಿಪಡಿಸುವ ಬಗ್ಗೆ, ಹಾಗೂ ಕಾವಲುಗಾರ ಶ್ರೀ ಮಾ ದಲ್‌ಸು ಅವರನ್ನು ಕೆಲಸದಲ್ಲಿ ಮುಂದುವರಿಸುವ ಅಥವಾ ಮುಂದುವರಿಸದಿರುವ ಬಗ್ಗೆ.

ಉಲ್ಲೇಖ:
1) ಮನೆ ಸಂಖ್ಯೆ 703ರ ನಿವಾಸಿ, ನಿವೃತ್ತ ಉಪಪ್ರಾಂಶುಪಾಲ ಶ್ರೀ ಬೊಂಗ್ ಕ್ಯೊಂಗ್‌ಹೊ ಅವರ ದೂರು ಅರ್ಜಿಗಳು, 1ರಿಂದ 29.
2) ನಿವಾಸಿಗಳ ಸಮಿತಿಯ ನವೆಂಬರ್ 18ರ ಸಭಾ ನಡವಳಿ.
3) ಡ್ಯಾಶ್‌ಕ್ಯಾಮ್ ಪೆಟ್ಟಿಗೆಯಲ್ಲಿದ್ದ ಕೈಪಿಡಿ (ಪ್ಲಾಸ್ಟಿಕ್ ಹೊದಿಕೆ ಬಿಚ್ಚದ ಸ್ಥಿತಿಯಲ್ಲಿ).

ಪ್ರಸ್ತಾವನೆ

ಈ ಸಮುಚ್ಚಯದಲ್ಲಿ ಕಾರುಗಳು 311, ಗೆರೆ ಎಳೆದ ಜಾಗ 184. ಉಳಿದ ಕಾರುಗಳನ್ನು ಮೊದಲ ಸಾಲಿನ ಮುಂದೆ ಅಡ್ಡಲಾಗಿ, ಗೇರನ್ನು ನ್ಯೂಟ್ರಲ್‌ನಲ್ಲಿಟ್ಟು, ಕೈಬ್ರೇಕ್ ಹಾಕದೆ, ಮುಂಗಾಜಿನಲ್ಲಿ ಫೋನ್ ನಂಬರ್ ಕಾಣುವಂತಿಟ್ಟು ನಿಲ್ಲಿಸುವುದೂ, ಒಳಸಾಲಿನವರು ಹೊರಡುವಾಗ ಯಾರಾದರೂ ಅವನ್ನು ಕೈಯಿಂದ ತಳ್ಳಿ ದಾರಿ ಮಾಡಿಕೊಡುವುದೂ ಇಪ್ಪತ್ತಾರು ವರ್ಷಗಳಿಂದ ನಡೆದುಬಂದಿರುತ್ತದೆ. ಇಲ್ಲಿ 'ಯಾರಾದರೂ' ಎಂಬುದನ್ನು ಈಗ 'ಶ್ರೀ ಮಾ ದಲ್‌ಸು, ವಯಸ್ಸು 66' ಎಂದು ಓದಿಕೊಳ್ಳತಕ್ಕದ್ದು.

ಹೀಗಿರುವಲ್ಲಿ, ಶ್ರೀ ಬೊಂಗ್ ಅವರು ಅಕ್ಟೋಬರ್‌ನಲ್ಲಿ ತಮ್ಮ ಕಾರಿಗೆ, ಅಲುಗಾಟ ಕಂಡರೆ ತಾನೇ ಚಿತ್ರೀಕರಿಸುವ ಹೊಸ ಡ್ಯಾಶ್‌ಕ್ಯಾಮ್ ಹಾಕಿಸಿ, ಅದರ ಆಘಾತ ಸೂಕ್ಷ್ಮತೆಯನ್ನು ಐದಕ್ಕೆ ಐದು ಇರಿಸಿದರು. ಐದಕ್ಕೆ ಐದು ಅಂಕ ಬರುವಾಗ ಎರಡು ಯಾಕೆ ಎಂಬುದು ಅವರ ಲಿಖಿತ ವಿವರಣೆ. ಅಂದಿನಿಂದ ಕಾರು ತಳ್ಳಿದ ಪ್ರತಿ ಸಲವೂ ಅದು 'ಆಘಾತ' ಎಂದು ದಾಖಲಾಗಿ, ಅವುಗಳಲ್ಲಿ ಹಲವು ಅರ್ಜಿಗಳಾಗಿ ಈ ಕಚೇರಿಗೆ ಬಂದಿವೆ. ನವೆಂಬರ್ 30ಕ್ಕೆ ಮುಗಿಯುವ ಶ್ರೀ ಮಾ ಅವರ ಮೂರು ತಿಂಗಳ ಕರಾರನ್ನು ನವೀಕರಿಸಕೂಡದೆಂದು ಸಮಿತಿಯು ತೀರ್ಮಾನಿಸಿತು. ಆದೇಶ ಹೊರಡಿಸುವ ಮುನ್ನ ಸಾಕ್ಷ್ಯವನ್ನು ಪೂರ್ಣವಾಗಿ ನೋಡಬೇಕೆಂಬ ನಿಯಮವಿರುವುದರಿಂದ, ಕೆಳಗೆ ಸಹಿ ಮಾಡಿರುವ ವ್ಯವಸ್ಥಾಪಕಿಯು ಸದರಿ ಡ್ಯಾಶ್‌ಕ್ಯಾಮನ್ನು ಮೂರು ದಿನ ಪರಿಶೀಲಿಸಿರುತ್ತಾರೆ. ಆದೇಶವನ್ನು ಅವರು ಅದಕ್ಕೆ ಮೊದಲೇ ಬೆರಳಚ್ಚು ಮಾಡಿ ಮೊಹರು ಒತ್ತಿ ಇಟ್ಟುಕೊಂಡಿದ್ದರು ಎಂಬುದನ್ನು ನಾಚಿಕೆಯಿಂದ ಇಲ್ಲಿ ದಾಖಲಿಸಲಾಗಿದೆ.

ಸೂಚನೆಗಳು

1. ಗಡಿಯಾರ: ಕಾರಿನ ಬ್ಯಾಟರಿ ಇಳಿದಾಗಲೆಲ್ಲ ಸದರಿ ಡ್ಯಾಶ್‌ಕ್ಯಾಮ್ ಆರಿಹೋಗಿ, ಎಚ್ಚರವಾದಾಗ ತಾನು 2016ರ ಜನವರಿ 1ರಲ್ಲಿರುವುದಾಗಿ ಭಾವಿಸುವುದು ಕಂಡುಬಂದಿದೆ. ಆ ದಿನ ಶ್ರೀ ಮಾ ಅವರು ಇಲ್ಲಿ ಕೆಲಸಕ್ಕೆ ಸೇರಿರಲಿಲ್ಲ. ಸದರಿ ಕಾರು ಕಾರ್ಖಾನೆಯಲ್ಲಿ ಹುಟ್ಟಿರಲಿಲ್ಲ. ಇನ್ನು ಮುಂದೆ, ಕಾರು ಹುಟ್ಟುವ ಮೊದಲೇ ಅದಕ್ಕಾದ ಗಾಯಗಳ ಬಗ್ಗೆ ಅರ್ಜಿ ಸ್ವೀಕರಿಸಲಾಗುವುದಿಲ್ಲ. ನಿವಾಸಿಗಳು ವಾರಕ್ಕೊಮ್ಮೆ ಗಡಿಯಾರ ಸರಿಪಡಿಸಿ ಪ್ರಸ್ತುತ ಶತಮಾನದ ಪ್ರಸ್ತುತ ವರ್ಷಕ್ಕೆ ಬರತಕ್ಕದ್ದು.

2. ಲೆನ್ಸ್: ಹಿಂಬದಿ ಕ್ಯಾಮೆರಾದ ಚಿತ್ರ ಮಬ್ಬಾಗಿದೆ, ಮಂಜಿಗೆ ಕಾವಲುಗಾರನೇ ಹೊಣೆ ಎಂದು ಅರ್ಜಿ 11ರಲ್ಲಿ ದೂರಲಾಗಿದೆ. ಪರಿಶೀಲಿಸಲಾಗಿ, ಹೊಸದರ ಹೊಸತನ ಹೋಗದಿರಲೆಂದು ಲೆನ್ಸ್ ಮೇಲಿನ ಅಂಟುಹಾಳೆಯನ್ನು ತೆಗೆದೇ ಇರುವುದಿಲ್ಲ. ಅಂಟುಹಾಳೆಯನ್ನು ಸುಲಿಯತಕ್ಕದ್ದು. ಸುಲಿಯಲು ಮನಸ್ಸಾಗದವರು ಕುಟುಂಬದ ಸದಸ್ಯರೊಬ್ಬರ ಕೈಯಿಂದ ಸುಲಿಸಿ, ಆ ಹೊತ್ತಿಗೆ ಬೇರೆ ಕಡೆ ನೋಡತಕ್ಕದ್ದು.

3. ಕೋನ: ಮುಂಬದಿ ಕ್ಯಾಮೆರಾ ನಲವತ್ತು ಗಂಟೆ ಆಕಾಶವನ್ನು ಚಿತ್ರೀಕರಿಸಿದೆ. ಆಕಾಶದ ಮೇಲೆ ಯಾವುದೇ ದೂರು ಇಲ್ಲದ ಕಾರಣ, ದಿಗಂತವು ಚಿತ್ರದ ನಡುವೆ ಬರುವಂತೆ ಕ್ಯಾಮೆರಾವನ್ನು ತಗ್ಗಿಸುವುದು.

4. ಧ್ವನಿ: 'ಆಘಾತ ಪತ್ತೆಯಾಗಿದೆ' ಎಂದು ಸಾರುವ ಹೆಣ್ಣುದನಿಯು ಅಂಗಳಕ್ಕೆಲ್ಲ ಕೇಳಿಸುತ್ತಿದ್ದು, ದಾರಿಹೋಕರು ತಮ್ಮದೇ ತಪ್ಪೆಂದು ಕಾರಿಗೆ ತಲೆಬಾಗಿ ಹೋಗುತ್ತಿರುವುದು ಗಮನಕ್ಕೆ ಬಂದಿದೆ. ಮನೆ ಸಂಖ್ಯೆ 402ರ ಶ್ರೀಮತಿ ಗು ಒಕ್‌ಬುನ್ (81) ಅವರು "ನಾನಲ್ಲ ಕಣಮ್ಮಾ, ನಾನು ದೂರದಿಂದ್ಲೇ ಹೋಗ್ತಾ ಇದೀನಿ" ಎಂದು ಒಂಬತ್ತು ಬಾರಿ ಉತ್ತರ ಕೊಟ್ಟಿರುತ್ತಾರೆ. ಧ್ವನಿಯನ್ನು ಒಂದನೇ ಮಟ್ಟಕ್ಕೆ ಇಳಿಸಿ. ಉತ್ತರ ಕೊಡುವುದು ಕಡ್ಡಾಯವಲ್ಲ.

5. ಸೂಕ್ಷ್ಮತೆ: ದಾಖಲಾದ 212 ಆಘಾತಗಳನ್ನು ಈ ಕೆಳಗಿನಂತೆ ವಿಂಗಡಿಸಲಾಗಿದೆ. ಬಾನೆಟ್ ಮೇಲೆ ಬಿದ್ದ ಪರ್ಸಿಮನ್ ಹಣ್ಣು, 37. ಬೆಕ್ಕು, 44 (ಒಂದೇ ಬೆಕ್ಕು). ಶ್ರೀ ಬೊಂಗ್ ಅವರು ಸ್ವತಃ ಬಾಗಿಲು ಬಡಿದದ್ದು, 58. ಅವರ ಸೀನು, 3. ಶ್ರೀ ಮಾ ಅವರು ತಳ್ಳಿದ್ದು, 37. ಒಟ್ಟು 179. ಉಳಿದ 33 ಆಘಾತಗಳು ಒಂದೇ ಬೆಳಿಗ್ಗೆ, ಹನ್ನೊಂದು ನಿಮಿಷದೊಳಗೆ ಆಗಿದ್ದು, ಅವುಗಳ ವಿವರ ಅಂಶ 7ರಲ್ಲಿದೆ. ಸೂಕ್ಷ್ಮತೆಯನ್ನು ಎಲ್ಲರೂ ಎರಡಕ್ಕೆ ಇಳಿಸತಕ್ಕದ್ದು. ಎರಡು ಬಂದರೆ ನಪಾಸಾದಂತೆ ಅಲ್ಲವೆಂದು ಸ್ಪಷ್ಟಪಡಿಸಲಾಗಿದೆ.

6. ಮೆಮೊರಿ ಕಾರ್ಡ್: ಬೆಕ್ಕಿನಿಂದ ತುಂಬಿದ ಕಾರ್ಡಿನಲ್ಲಿ ಮನುಷ್ಯರಿಗೆ ಜಾಗ ಸಿಗುವುದಿಲ್ಲ. ಹದಿನೈದು ದಿನಕ್ಕೊಮ್ಮೆ ಅಳಿಸುವುದು. ಅಳಿಸುವ ಮೊದಲು, ಯಾರ ಮೇಲಾದರೂ ದೂರು ಕೊಟ್ಟಿದ್ದಲ್ಲಿ, ಪೂರ್ತಿ ನೋಡುವುದು.

7. ಅರ್ಜಿ 29: "ನವೆಂಬರ್ 14ರ ಬೆಳಿಗ್ಗೆ, ಇಳಿಜಾರಿನಲ್ಲಿ ನಿಂತಿದ್ದ ನನ್ನ ಕಾರಿಗೆ ಕಾವಲುಗಾರನು ಕರ್ತವ್ಯದ ವೇಳೆ ಬೆನ್ನು ಒರಗಿಸಿ ವಿಶ್ರಾಂತಿ ಪಡೆದು, ಕೋಟಿನ ಗುಂಡಿಯಿಂದ ಗೀರು ಮಾಡಿರುತ್ತಾನೆ" ಎಂಬುದು ದೂರು. ಸಾಕ್ಷ್ಯವಾಗಿ ಇಪ್ಪತ್ತು ಸೆಕೆಂಡಿನ ಒಂದು ತುಣುಕನ್ನು ಲಗತ್ತಿಸಲಾಗಿತ್ತು. ಒರಗಿದ್ದು ನಿಜವೇ ಎಂದು ಸಮಿತಿ ಕೇಳಿದಾಗ ಶ್ರೀ ಮಾ ಅವರು "ಹೌದು, ಒರಗಿದ್ದೆ" ಎಂದಷ್ಟೇ ಹೇಳಿ ಟೋಪಿ ಹಾಕಿಕೊಂಡು ಹೋದರು. ಸಮಿತಿಗೆ ಅಷ್ಟೇ ಸಾಕಾಯಿತು.

ಸದರಿ ಯಂತ್ರವು ಪ್ರತಿ ಆಘಾತವನ್ನು ಇಪ್ಪತ್ತು ಸೆಕೆಂಡಿನ ತುಣುಕಾಗಿ ಕತ್ತರಿಸುವುದರಿಂದಲೂ, ನಡುವೆ ಗಡಿಯಾರ ದಾರಿ ತಪ್ಪಿದ್ದರಿಂದಲೂ, ಉಳಿದ 32 ತುಣುಕುಗಳು 2016ನೇ ಇಸವಿಯಲ್ಲಿ ಚದುರಿಹೋಗಿದ್ದವು. ಅವನ್ನು ಹುಡುಕಿ, ಸರಿಯಾದ ವೇಳೆಯನ್ನು ಲೆಕ್ಕಹಾಕಿ, ಅನುಕ್ರಮವಾಗಿ ಜೋಡಿಸಲಾಗಿದೆ. ಚಿತ್ರದಲ್ಲಿ ಟೋಪಿಯ ಹಿಂಭಾಗ ಬಿಟ್ಟು ಬೇರೇನೂ ಕಾಣದು (ಅಂಶ 2 ನೋಡಿ). ಹಿಂದಿನ ಕಿಟಕಿ ಎರಡು ಬೆರಳಷ್ಟು ತೆರೆದಿದ್ದರಿಂದ ಮಾತುಗಳು ಸ್ಪಷ್ಟವಾಗಿವೆ:

ಅ) 6.41. ಶ್ರೀ ಬೊಂಗ್ ಅವರು ಬೆಟ್ಟದ ಬುಗ್ಗೆಯಿಂದ ನೀರು ತುಂಬಿಸಿಕೊಂಡು ಬಂದು, ರೂಢಿಯಂತೆ ನ್ಯೂಟ್ರಲ್‌ನಲ್ಲಿ, ಆದರೆ ರೂಢಿಗೆ ವಿರುದ್ಧವಾಗಿ ಇಳಿಜಾರಿನಲ್ಲಿ ಕಾರು ಬಿಟ್ಟು, ಕ್ಯಾನುಗಳೊಂದಿಗೆ ಲಿಫ್ಟ್ ಹತ್ತಿದರು. ಕಾರು ಹಿಂದಕ್ಕೆ ಜಾರತೊಡಗಿತು. ಇಳಿಜಾರಿನ ಕೊನೆಗೆ ಶಿಶುವಿಹಾರದ ಗೇಟು ಇದೆ. ಧಡ್ ಎಂಬ ಶಬ್ದ. ನಂತರ: "ಅಯ್ಯಯ್ಯೋ, ನಿಲ್ಲವ್ವಾ, ನಿಲ್ಲು!"

ಆ) 6.42. ಕಾರಿನೊಳಗೆ ಫೋನ್ ರಿಂಗಾಗುತ್ತದೆ. ಹೊರಗಿನಿಂದ: "ಮೇಷ್ಟ್ರೇ, ಫೋನ್ ಎತ್ತಿ. ದಮ್ಮಯ್ಯ, ಎತ್ತಿ." ಮುಂಗಾಜಿನ ನಂಬರಿನ ಫೋನನ್ನು ಮುಂದಿನ ಸೀಟಿನಲ್ಲೇ ಬಿಟ್ಟುಹೋಗಿದ್ದರಿಂದ, ಅದು ಹದಿನಾಲ್ಕು ಬಾರಿ ರಿಂಗಾಯಿತು.

ಇ) 6.46. ಶ್ರೀಮತಿ ಗು: "ಏನಪ್ಪಾ ದಲ್‌ಸು, ಬೆಳ್‌ಬೆಳಗ್ಗೆ ಒರಗ್ಕೊಂಡು ಬಿಸಿಲು ಕಾಯಿಸ್ಕೋತಾ ಇದೀಯಾ? ಇನ್ನೂ ಬಿಸಿಲೇ ಬಂದಿಲ್ವಲ್ಲೋ!" ಶ್ರೀ ಮಾ: "ಅಜ್ಜಿ, ನಾನು ಸರಿದ್ರೆ ಇದು ಹೋಗುತ್ತೆ. ಮಕ್ಕಳು ಬರೋ ಹೊತ್ತು. ಒಂದು ಕಲ್ಲು ತನ್ನಿ." ಶ್ರೀಮತಿ ಗು: "ಎಲ್ಲಾ ಸಿಮೆಂಟ್ ಬಳಿದು ಕೂತಿದಾರೆ, ಕಲ್ಲು ಎಲ್ಲಿಂದ ತರ್ಲೋ... ಇರು, ಕಿಮ್ಚಿ ಉಪ್ಪಿನಕಾಯಿ ಜಾಡಿ ಮೇಲೆ ಭಾರಕ್ಕಿಟ್ಟಿರೋದು ತರ್ತೀನಿ."

ಈ) 6.52. ಕಲ್ಲು ಚಕ್ರದಡಿ ಸೇರುವ ಶಬ್ದ. "ಹುಷಾರು ಕಣೋ, ನಮ್ಮತ್ತೆ ಕಾಲದ ಕಲ್ಲು. ಬೆನ್ನು ಎಲ್ಲಿ, ತೋರ್ಸು." "ಏನೂ ಆಗಿಲ್ಲ ಬಿಡಿ. ಮೇಷ್ಟ್ರಿಗೆ ಹೇಳ್ಬೇಡಿ ಅಜ್ಜಿ. ಪಾಪ, ಮನಸ್ಸಿಗೆ ಹಚ್ಕೋತಾರೆ."

8. ಸದರಿ ಕಲ್ಲಿನ ಬಗ್ಗೆ 'ನನ್ನ ಚಕ್ರಕ್ಕೆ ಯಾರೋ ಅಡ್ಡಗಲ್ಲು ಇಟ್ಟಿದ್ದಾರೆ' ಎಂದು ಅದೇ ದಿನ ಬಂದ ಅರ್ಜಿ 28ನ್ನು ಈ ಮೂಲಕ ಧನ್ಯವಾದ ಪತ್ರವೆಂದು ಮರುವರ್ಗೀಕರಿಸಲಾಗಿದೆ. ಇಷ್ಟು ದಿನ ಸುಮ್ಮನಿದ್ದುದೇಕೆಂದು ಶ್ರೀಮತಿ ಗು ಅವರನ್ನು ಕೇಳಲಾಗಿ, "ಹೇಳ್ಬೇಡ ಅಂದ, ಹೇಳ್ಲಿಲ್ಲ. ನೀವೇನು ಬಂದು ಕೇಳಿದ್ರಾ?" ಎಂದಿರುತ್ತಾರೆ.

9. ಮೇಲ್ಕಂಡ ಧ್ವನಿಯನ್ನು ನವೆಂಬರ್ 25ರಂದು ಸಮಿತಿಗೂ ಶ್ರೀ ಬೊಂಗ್ ಅವರಿಗೂ ಕೇಳಿಸಲಾಯಿತು. ಸಮಿತಿಯು ನೆಲ ನೋಡಿತು. ಶ್ರೀ ಬೊಂಗ್ ಅವರು ಎದ್ದುಹೋದರು. ನವೆಂಬರ್ 18ರ ತೀರ್ಮಾನವನ್ನು ಅಲ್ಲೇ ರದ್ದುಪಡಿಸಿ, ಶ್ರೀ ಮಾ ಅವರ ಕರಾರನ್ನು ಮೂರು ತಿಂಗಳ ಬದಲು ಒಂದು ವರ್ಷಕ್ಕೆ ನವೀಕರಿಸಲಾಗಿದೆ. ಮೊಹರು ಒತ್ತಿದ್ದ ಹಳೆಯ ಆದೇಶವನ್ನು ವ್ಯವಸ್ಥಾಪಕಿಯು ಸ್ವಂತ ಕೈಯಿಂದ ಹರಿದಿರುತ್ತಾರೆ.

10. ಕ್ಷಮಾಪಣೆ: ನಲವತ್ತೊಂದು ವರ್ಷಗಳ ಅಧ್ಯಾಪನದಲ್ಲಿ ಶ್ರೀ ಬೊಂಗ್ ಅವರು ತಪ್ಪೊಪ್ಪಿಕೊಂಡ ದಾಖಲೆ ಎಲ್ಲೂ ಲಭ್ಯವಿಲ್ಲ. ಆದಾಗ್ಯೂ 26ರಿಂದ ಪ್ರತಿದಿನ ಬೆಳಿಗ್ಗೆ 6.10ಕ್ಕೆ ಅವರು ಕೈಗವಸು ಹಾಕಿ ಇಳಿದುಬಂದು, ಶ್ರೀ ಮಾ ಅವರ ಪಕ್ಕ ನಿಂತು ಅಡ್ಡಸಾಲಿನ ಕಾರುಗಳನ್ನು ತಳ್ಳುತ್ತಿರುವುದು ಅವರದೇ ಡ್ಯಾಶ್‌ಕ್ಯಾಮ್‌ನಲ್ಲಿ (ಸೂಕ್ಷ್ಮತೆ 2, ಅಂಟುಹಾಳೆ ತೆಗೆದಿದೆ) ಸ್ಪಷ್ಟವಾಗಿ ದಾಖಲಾಗಿದೆ. ಇಂದು ಕೇಳಿಬಂದ ಸಂಪೂರ್ಣ ಸಂಭಾಷಣೆ: "ಚಳಿ ಜಾಸ್ತಿ ಆಯ್ತು, ಅಲ್ವಾ ಮಾ ಅವ್ರೇ?" "ಹೌದು ಮೇಷ್ಟ್ರೇ." "ಬೆನ್ನು... ಹೇಗಿದೆ?" "ಇದೆ ಮೇಷ್ಟ್ರೇ, ಇದ್ದಲ್ಲೇ ಇದೆ." ಸದರಿ ಸಂಭಾಷಣೆಯನ್ನು ಪೂರ್ಣ ಪ್ರಮಾಣದ ಕ್ಷಮಾಪಣೆ ಹಾಗೂ ಅದರ ಸ್ವೀಕೃತಿ ಎಂದು ಪರಿಗಣಿಸಿ ಕಡತವನ್ನು ಮುಕ್ತಾಯಗೊಳಿಸಲಾಗಿದೆ.

ಸಹಿ/-
(ತಕ್ ಮಿಸನ್)
ವ್ಯವಸ್ಥಾಪಕಿ, ನಿರ್ವಹಣಾ ಕಚೇರಿ

ಪ್ರತಿಗಳು:
1. ಶ್ರೀ ಬೊಂಗ್ ಕ್ಯೊಂಗ್‌ಹೊ, 703: 29 ಅರ್ಜಿಗಳನ್ನು ಹಿಂದಿರುಗಿಸಿದೆ. ಹಿಂಬದಿ ಖಾಲಿ ಇದೆ, ಬಳಸಬಹುದು.
2. ಅಧ್ಯಕ್ಷರು, ನಿವಾಸಿಗಳ ಸಮಿತಿ: ಮಾಹಿತಿಗಾಗಿ ಮತ್ತು ಆತ್ಮಾವಲೋಕನಕ್ಕಾಗಿ.
3. ಶ್ರೀಮತಿ ಗು ಒಕ್‌ಬುನ್, 402: ತೊಳೆದ ಕಲ್ಲಿನೊಂದಿಗೆ, ಜಾಡಿಗೆ ತುರ್ತಾಗಿ ಬೇಕೆಂದಿರುವುದರಿಂದ.
4. ಬೆಕ್ಕು: ಮೌಖಿಕವಾಗಿ ತಿಳಿಸಲಾಗಿದೆ. ಒಪ್ಪಿರುವುದಿಲ್ಲ.
5. ಹನ್ನೆರಡು ಲಿಫ್ಟ್‌ಗಳ ಸೂಚನಾ ಫಲಕಗಳು: ಅಂಟಿಸುವ ಕೆಲಸ ನಿಯಮದಂತೆ ಶ್ರೀ ಮಾ ದಲ್‌ಸು ಅವರದು. ಆದರೆ ಅವರು ಏಳನೇ ಅಂಶದವರೆಗೆ ಓದಿ, "ಇದನ್ನೆಲ್ಲಾ ಯಾಕೆ ಬರೆಯೋಕೆ ಹೋದ್ರಿ ಮೇಡಂ" ಎಂದು ಹನ್ನೆರಡೂ ಪ್ರತಿಗಳನ್ನು ಮಡಚಿ ಕೋಟಿನ ಒಳಜೇಬಿಗೆ ಹಾಕಿಕೊಂಡಿರುತ್ತಾರೆ. ಆದ್ದರಿಂದ ಮತ್ತೆ ಹನ್ನೆರಡು ಪ್ರತಿಗಳನ್ನು ಮುದ್ರಿಸಿ, ವ್ಯವಸ್ಥಾಪಕಿಯೇ ಅಂಟಿನ ಡಬ್ಬಿ ಹಿಡಿದು ಹೊರಟಿರುತ್ತಾರೆ.