ಚಿಗಟೇರಿ ಹೀರೆಬಳ್ಳಿಯ ಬೂದಿ ರೋಗಕ್ಕೆ ಹೆಸರಿಡುವ ಕುರಿತು

ಸಸ್ಯರೋಗ ನಾಮಕರಣ ಮತ್ತು ವರ್ಗೀಕರಣ ವಿಭಾಗ
(ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಹಾಗೂ ಹರಪನಹಳ್ಳಿ ತಾಲ್ಲೂಕುಗಳಿಗೆ ಅನ್ವಯಿಸುವಂತೆ)

ಸಂಖ್ಯೆ: ಬೂರೋ/ಹೀರೆ/ಬಿಳಿ/ಮರುಪರಿಶೀಲನೆಯ ಮರುಪರಿಶೀಲನೆ
ದಿನಾಂಕ: ಸಹಿಯಾದ ದಿನ

ವಿಷಯ: ಗಿಡಗಳ ಮೇಲಿನ ಬೂದಿ ರೋಗದ ಶಿಲೀಂಧ್ರಗಳನ್ನು ಗುರುತಿಸುವಾಗ ಪಾಲಿಸಬೇಕಾದ ಶಿಸ್ತು.

ಉಲ್ಲೇಖ: 1. ಚಿಗಟೇರಿಯ ಶ್ರೀಮತಿ ನಾಗಲಿಂಗಮ್ಮನವರ ಹೀರೆಬಳ್ಳಿಯ ಎಲೆ.
2. ಸದರಿಯವರ ದೂರವಾಣಿ ಕರೆಗಳು (ಎಣಿಸುವುದನ್ನು ಕೈಬಿಡಲಾಗಿದೆ).

ಪ್ರಸ್ತಾವನೆ: ಹೀರೆಕಾಯಿ ಬೆಳೆಗಾರರಾದ ನಾಗಲಿಂಗಮ್ಮನವರು ತಮ್ಮ ಬಳ್ಳಿಯ ಎಲೆಗಳ ಮೇಲೆ ಬಿಳಿ ಪುಡಿ ಉದುರಿಸಿದಂತೆ ಕಾಣುತ್ತಿದೆ, ಯಾವ ಔಷಧ ಹೊಡೆಯಬೇಕು ಎಂದು ಕೇಳಿಕೊಂಡು ಎಲೆ ಸಮೇತ ಕಚೇರಿಗೆ ಬಂದಿರುತ್ತಾರೆ. ರೋಗಕ್ಕೆ ಹೆಸರಿಡುವ ಮೊದಲೇ ಔಷಧ ಹೇಳುವುದು ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದಂತಾಗುವುದರಿಂದ, ವಿಭಾಗದ ಮುಖ್ಯಸ್ಥರಾದ ಶ್ರೀ ಉಜ್ಜಿನಪ್ಪನವರು ಖುದ್ದಾಗಿ ಸೂಕ್ಷ್ಮದರ್ಶಕಕ್ಕೆ ಬಾಗಿರುತ್ತಾರೆ. ಸದರಿಯವರು ದಿನಾ ಪೂಜೆ ಮುಗಿಸಿ, ಹಣೆ ತುಂಬ ವಿಭೂತಿ ಧರಿಸಿ, ಅದು ಆರಿ ಉದುರುವ ಹೊತ್ತಿಗೆ ಸರಿಯಾಗಿ ಕಚೇರಿಗೆ ಹಾಜರಾಗುವವರು.

ಅಂದು ಹೀರೆ ಎಲೆಯಲ್ಲಿ ಅವರಿಗೆ ಕಂಡ ಬಿಳಿ ಕಣಗಳೇ ಗುಡೇಕೋಟೆಯ ಬೋರೆ ಗಿಡದಲ್ಲೂ, ಹಡಗಲಿಯ ಮೆಣಸಿನ ಗಿಡದಲ್ಲೂ, ಕೊನೆಗೆ ಕಚೇರಿ ಮೇಜಿನ ಪ್ಲಾಸ್ಟಿಕ್ ಹೂವಿನಲ್ಲೂ ಕಂಡವು. ಆದ್ದರಿಂದ ಐದೂ ತಾಲ್ಲೂಕಿಗೆ ಒಂದೇ ಶಿಲೀಂಧ್ರವೆಂದು ತೀರ್ಮಾನಿಸಿ, ಅದಕ್ಕೆ ‘ಉಜ್ಜಿನಪ್ಪ ಬಿಳುಪು’ ಎಂದು ಹೆಸರಿಡಲು ಪ್ರಸ್ತಾವ ಸಿದ್ಧಪಡಿಸಲಾಯಿತು. ಈ ಶುಭ ಸಂದರ್ಭದಲ್ಲಿ ಪ್ರಯೋಗಾಲಯ ಸಹಾಯಕಿ ಕುಮಾರಿ ಸಮತಾ ಅವರು ಸೂಕ್ಷ್ಮದರ್ಶಕದ ಗಾಜನ್ನು ಒರೆಸಿ, “ಸರ್, ಇದು ಎಲಿ ಮ್ಯಾಲಿಂದಲ್ರಿ, ನಿಮ್ಮ ಹಣಿ ಮ್ಯಾಲಿಂದು” ಎಂದು ಎಲ್ಲರೆದುರು ನಿಜ ಹೇಳಿರುತ್ತಾರೆ. ಉಜ್ಜಿನಪ್ಪನವರ ಮನಸ್ಸಿಗೆ ಬಹಳ ನೋವಾಗಿದ್ದು, ಆ ದಿನ ತರಿಸಿದ್ದ ಮಂಡಕ್ಕಿ ಮಿರ್ಚಿಯನ್ನೂ ಮುಟ್ಟಿರುವುದಿಲ್ಲ.

ಆದ್ದರಿಂದ ಈ ಕೆಳಕಂಡಂತೆ ಆದೇಶಿಸಲಾಗಿದೆ:

1. ವಿಭೂತಿ ಧರಿಸುವುದು ಅವರವರ ಭಕ್ತಿ, ಅದಕ್ಕೆ ಅಡ್ಡಿಯಿಲ್ಲ. ತಾವು ವಿಭೂತಿಯಲ್ಲವೆಂದು ಸಾಬೀತುಪಡಿಸುವುದು ಶಿಲೀಂಧ್ರಗಳ ಜವಾಬ್ದಾರಿ.

2. ಬೀಜಕಣಗಳು ಸರಪಳಿಯಂತೆ ಒಂದರ ಹಿಂದೊಂದು ನಿಂತಿದ್ದರೆ ರೋಗವೆಂದು ಬರೆಯತಕ್ಕದ್ದು. ಅಡ್ಡಾದಿಡ್ಡಿ ಬಿದ್ದಿದ್ದರೆ ಮೇಲಧಿಕಾರಿಗಳ ಮುಖ ನೋಡಿ ಬರೆಯತಕ್ಕದ್ದು.

3. ಮೆಣಸಿನ ಗಿಡದಲ್ಲಿ ಸದರಿ ರೋಗವು ಎಲೆಯ ಅಡಿಭಾಗದಲ್ಲಿ ಬೆಳೆಯುತ್ತಿದ್ದು, ಇದು ತಪಾಸಣೆ ತಪ್ಪಿಸುವ ಹುನ್ನಾರವಾಗಿದೆ. ಇನ್ನು ಮುಂದೆ ರೋಗವು ಕಚೇರಿ ವೇಳೆಯಲ್ಲಿ ಎಲೆಯ ಮೇಲ್ಭಾಗದಲ್ಲೇ ಹಾಜರಿರಬೇಕು.

4. ಹಡಗಲಿ ಸಿಬ್ಬಂದಿ ಮಲ್ಲಿಗೆ ಗಿಡದಲ್ಲಿ ಬಿಳಿ ಕಂಡ ಕೂಡಲೇ ತುರ್ತು ವರದಿ ಕಳಿಸದೆ, ಮೊದಲು ಮೂಸಿ ನೋಡತಕ್ಕದ್ದು. ಹಿಂದಿನ ವರದಿಯಲ್ಲಿದ್ದದ್ದು ಹೂವು.

5. ಹರಪನಹಳ್ಳಿಯ ಕೆಲವು ಶಿಲೀಂಧ್ರಗಳು ತಾಲ್ಲೂಕು ದಾವಣಗೆರೆ ಜಿಲ್ಲೆಯನ್ನು ಬಿಟ್ಟುಬಂದ ನಂತರವೂ ಆ ಕಡೆಗೇ ಹರಡುತ್ತಿರುವುದು ಕಂಡುಬಂದಿದೆ. ಅಂಥವು ಯಾವ ಜಿಲ್ಲೆಗೆ ಸೇರಿದವೆಂದು ತೀರ್ಮಾನವಾಗುವವರೆಗೆ ಬೆಳವಣಿಗೆ ನಿಲ್ಲಿಸತಕ್ಕದ್ದು.

6. ಗಾಜು ಒರೆಸುವ ಬಟ್ಟೆಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಲಾಗಿದೆ. ಹೀರೆಬಳ್ಳಿಗೆ ಗಂಧಕದ ಪುಡಿ ಕಲಸಿ ಹೊಡೆದರೆ ಸಾಕೆಂದು ಕುಮಾರಿ ಸಮತಾ ಬರೆದ ಟಿಪ್ಪಣಿಯನ್ನು, ರೋಗದ ಹೆಸರಿನ ಜಾಗ ಖಾಲಿ ಇರುವ ಕಾರಣ, ತಡೆಹಿಡಿಯಲಾಗಿದೆ.

7. ನಾಗಲಿಂಗಮ್ಮನವರು ಕರೆ ಮಾಡಿ, “ಹೆಸರು ಆಮ್ಯಾಲೆ ಇಡ್ರಿ ಸಾಹೇಬ್ರ, ಏನ್ ಹೊಡೀಬೇಕು ಅಷ್ಟ್ ಹೇಳ್ರಿ. ಹೂವಾ ಉದುರಾಕ ಹತ್ಯಾವು” ಎಂದು ಅವಸರಪಡಿಸಿರುತ್ತಾರೆ. ಸಾರ್ವಜನಿಕರು ವಿಜ್ಞಾನವನ್ನು ಅವಸರಪಡಿಸಬಾರದು. ಹೂವುಗಳೂ ಉದುರಬಾರದು.

8. ಕೊನೆಗೂ ‘ಉಜ್ಜಿನಪ್ಪ ಬಿಳುಪು’ ಎಂಬ ಹೆಸರಿಗೆ ಅನುಮೋದನೆ ದೊರೆತು, ತಡೆಹಿಡಿದಿದ್ದ ಔಷಧದ ಟಿಪ್ಪಣಿಗೆ ಸಹಿಯಾಗಿ, ಜವಾನ ಬೆನಕಪ್ಪನವರು ಅದನ್ನು ತೆಗೆದುಕೊಂಡು ಚಿಗಟೇರಿಗೆ ಹೋಗಿರುತ್ತಾರೆ. ಅಲ್ಲಿ ಬರೀ ಚಪ್ಪರ ಇತ್ತು. ಒಣಗಿದ ಬಳ್ಳಿಯನ್ನು ನಾಗಲಿಂಗಮ್ಮನವರು ಕಿತ್ತು ಸುಟ್ಟಿದ್ದು, ಆ ಬೂದಿಯನ್ನು ಪೊಟ್ಟಣ ಕಟ್ಟಿ, “ನಿಮ್ಮ ಸಾಹೇಬ್ರಿಗೆ ಕೊಡ್ರಿ. ಬಳ್ಳಿ ಅಂತೂ ಉಳೀಲಿಲ್ಲ, ಹಣಿಗಾದ್ರೂ ಆಕ್ಕೈತಿ” ಎಂದು ಕೊಟ್ಟು ಕಳಿಸಿರುತ್ತಾರೆ.

9. ಸದರಿ ಬೂದಿಯನ್ನು ಉಜ್ಜಿನಪ್ಪನವರು ಖುದ್ದಾಗಿ ಪರೀಕ್ಷಿಸಲಾಗಿ, ಅದರಲ್ಲಿ ಯಾವುದೇ ರೋಗ ಕಂಡುಬಂದಿರುವುದಿಲ್ಲ. ಆದ್ದರಿಂದ ನಾಗಲಿಂಗಮ್ಮನವರ ತೋಟವನ್ನು ಬೂದಿ ರೋಗಮುಕ್ತವೆಂದು ಈ ಮೂಲಕ ಸಂತೋಷದಿಂದ ಘೋಷಿಸಲಾಗಿದೆ.

ಸಹಿ/-
(ಉಜ್ಜಿನಪ್ಪ)
ವಿಭಾಗದ ಮುಖ್ಯಸ್ಥರು

ಪ್ರತಿಗಳು:
1. ಕೂಡ್ಲಿಗಿ ಮತ್ತು ಕೊಟ್ಟೂರು ಉಪಕಚೇರಿಗಳಿಗೆ, ಗೋಡೆಗೆ ಅಂಟಿಸಲು.
2. ಹಗರಿಬೊಮ್ಮನಹಳ್ಳಿ ಉಪಕಚೇರಿಗೆ, ಹಿಂದಿನ ಸುತ್ತೋಲೆಯ ಮೇಲೆಯೇ ಅಂಟಿಸಲು.
3. ಕುಮಾರಿ ಸಮತಾ ಅವರಿಗೆ, ಓದಿ ಸುಮ್ಮನಿರಲು.
4. ಪ್ಲಾಸ್ಟಿಕ್ ಹೂವಿನ ಕುಂಡಕ್ಕೆ, ಚಿಕಿತ್ಸೆ ಮುಂದುವರಿಸಲು.
5. ಚಿಗಟೇರಿಯ ಹೀರೆಬಳ್ಳಿಗೆ. (ವಿಳಾಸದಲ್ಲಿ ಯಾರೂ ಇಲ್ಲವೆಂದು ವಾಪಸು ಬಂದಿದೆ. ಕಡತಕ್ಕೆ ಸೇರಿಸುವುದು.)